ಕಲಿಕಾ ಚೇತರಿಕೆಯಲ್ಲಿ ಸಮಾನತೆ: ಬಿಜೂರು ಹಾಗೂ ಬೈಂದೂರು ವಲಯದ ಶಾಲೆಗಳಿಗೊಂದು ಅಧ್ಯಯನ ಪಾಠ

ಗ್ರಾಮ ಪಂಚಾಯತ್ ಸದಸ್ಯರು, ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಗಳು, ಶಿಕ್ಷಕರು ಹಾಗೂ ಗ್ರಂಥಾಲಯ ಮೇಲ್ವಿಚಾರಕರ ಅಧ್ಯಯನಕ್ಕಾಗಿ

1. ಪೀಠಿಕೆ

2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗು ನಿಯಮಿತವಾಗಿ ತರಗತಿಯಲ್ಲಿ ಕುಳಿತದ್ದು 2021ರ ಅಕ್ಟೋಬರ್ 25ರ ನಂತರ. ಆ ವೇಳೆಗೆ ದಾಖಲಾತಿ ಪುಸ್ತಕದಲ್ಲಿ ಅದರ ಹೆಸರು ಎರಡನೆಯ ತರಗತಿಗೆ ಏರಿಯಾಗಿತ್ತು. ಅಕ್ಷರ ಕಲಿಸುವ ವರ್ಷವು ಶಾಲೆಯಿಲ್ಲದೆ ಕಳೆದುಹೋಗಿ, ಅಕ್ಷರ ಬಲ್ಲವರಿಗಾಗಿ ಸಿದ್ಧಪಡಿಸಿದ ಪುಸ್ತಕ ಅದರ ಕೈಗೆ ಬಂದಿತು. ಅದೇ ಮಗು 2025-26ನೇ ಸಾಲಿನಲ್ಲಿ ಆರನೆಯ ತರಗತಿಯಲ್ಲಿದ್ದು, 2030ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಬರೆಯಲಿದೆ. ಸಾಂಕ್ರಾಮಿಕದ ಕಾಲ ಮುಗಿಯಿತೆಂಬ ಭಾವನೆ ಸಾರ್ವಜನಿಕರಲ್ಲಿ ಬೇರೂರಿದ್ದರೂ ಅದು ಉಳಿಸಿಹೋದ ಕಲಿಕೆಯ ಬಾಕಿ ಇನ್ನೂ ತರಗತಿಗಳ ಒಳಗೇ ಇದೆ.

ಈ ಬಾಕಿಯನ್ನು ತೀರಿಸುವ ಕಾರ್ಯದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ನೆರವು ನೀಡಿದರೆ ಸಾಲದು. ಹೆಚ್ಚು ಕಳೆದುಕೊಂಡ ಮಗುವಿಗೆ ಹೆಚ್ಚು ಸಮಯ ದೊರೆಯಬೇಕು. ಆ ಮಗು ಯಾವುದೆಂದು ತಿಳಿದಿರುವುದು ರಾಜ್ಯ ಅಥವಾ ಜಿಲ್ಲಾ ಮಟ್ಟದ ಕಚೇರಿಗಿಂತ ಹೆಚ್ಚಾಗಿ ಅದರ ಶಾಲೆಗೆ ಮತ್ತು ಗ್ರಾಮಕ್ಕೆ. ಈ ಪಾಠದ ತಿರುಳು ಇಷ್ಟೇ.

2. ಶಾಲೆಗಳು ಮುಚ್ಚಿದ್ದ ಅವಧಿ

ರಾಜ್ಯದಲ್ಲಿ 2020ರ ಮಾರ್ಚ್ ಮಧ್ಯಭಾಗದಿಂದ ಶಾಲೆಗಳು ಮುಚ್ಚಲ್ಪಟ್ಟವು. ಆ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಡಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ತೆರಳಿ ಮರದ ನೆರಳು, ದೇವಸ್ಥಾನದ ಜಗಲಿ, ಸಮುದಾಯ ಭವನಗಳಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ಸ್ಥಗಿತಗೊಳಿಸಲಾಯಿತು. 2021ರ ಜನವರಿ 1ರಿಂದ ಹತ್ತನೆಯ ತರಗತಿ ತೆರೆಯಿತು. 6ರಿಂದ 9ನೆಯ ತರಗತಿಗಳಿಗೆ ಪರಿಷ್ಕೃತ ವಿದ್ಯಾಗಮ ನಡೆಯಿತು. ಎರಡನೆಯ ಅಲೆ ಎಲ್ಲವನ್ನೂ ಮತ್ತೆ ನಿಲ್ಲಿಸಿತು. 2021ರ ಆಗಸ್ಟ್‌ನಿಂದ ಹಂತಹಂತವಾಗಿ ಶಾಲೆಗಳು ತೆರೆದಾಗ ಕಟ್ಟಕಡೆಗೆ ಬಂದವರು 1ರಿಂದ 5ನೆಯ ತರಗತಿಯ ಮಕ್ಕಳು. ಹೀಗೆ ಅತಿ ಕಿರಿಯರೇ ಅತಿ ದೀರ್ಘಕಾಲ, ಸುಮಾರು 19 ತಿಂಗಳು, ತರಗತಿಯಿಂದ ದೂರ ಉಳಿದರು.

ಈ ನಡುವೆ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಮೊಬೈಲ್ ಮೂಲಕವೂ ಪಾಠಗಳು ನಡೆದವು. ಆದರೆ ಓದಲು ಬಾರದ ಮಗು ಪರದೆಯಿಂದ ಓದು ಕಲಿಯುವುದು ಕಷ್ಟ. ಅದಕ್ಕೆ ಪಕ್ಕದಲ್ಲಿ ಕುಳಿತು ಬೆರಳಿಟ್ಟು ತೋರಿಸುವ ಒಬ್ಬರು ಬೇಕು.

3. ನಷ್ಟದ ಅಳತೆ

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ 1,137 ಸರಕಾರಿ ಶಾಲೆಗಳಲ್ಲಿ 2ರಿಂದ 6ನೆಯ ತರಗತಿಯವರೆಗಿನ 16,067 ಮಕ್ಕಳ ಅಧ್ಯಯನ ನಡೆಸಿತು. ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದವರು ಶೇ. 92, ಗಣಿತದಲ್ಲಿ ಹಾಗೆ ಕಳೆದುಕೊಂಡಿದ್ದವರು ಶೇ. 82. ಹೊಸ ಪಾಠ ತಪ್ಪಿದ್ದು ಒಂದು ನಷ್ಟವಾದರೆ, ಕಲಿತದ್ದು ಮರೆತುಹೋದದ್ದು ಅದರ ಮೇಲಿನ ಮತ್ತೊಂದು ನಷ್ಟ.

ಗ್ರಾಮೀಣ ಕರ್ನಾಟಕದಲ್ಲಿ ನಡೆದ ಅಸರ್ ಸಮೀಕ್ಷೆಯ ಪ್ರಕಾರ, ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ಶೇ. 19.2 ಇದ್ದದ್ದು 2021ರ ವೇಳೆಗೆ ಶೇ. 9.8ಕ್ಕೆ ಇಳಿದಿತ್ತು. ಇಲ್ಲಿ ಎರಡು ಸಂಗತಿಗಳನ್ನು ಒಟ್ಟಿಗೆ ಗ್ರಹಿಸಬೇಕು. ಓದಬಲ್ಲವರ ಪ್ರಮಾಣ ಸುಮಾರು ಅರ್ಧಕ್ಕೆ ಕುಸಿದದ್ದು ನಿಜ. ಸಾಂಕ್ರಾಮಿಕಕ್ಕೆ ಮುನ್ನವೂ ಐವರಲ್ಲಿ ನಾಲ್ವರು ಆ ಮಟ್ಟವನ್ನು ಮುಟ್ಟಿರಲಿಲ್ಲವೆಂಬುದೂ ಅಷ್ಟೇ ನಿಜ. ಆದ್ದರಿಂದ 2019ರ ಸ್ಥಿತಿಗೆ ಮರಳುವುದನ್ನೇ ಚೇತರಿಕೆಯ ಗುರಿಯೆಂದು ಭಾವಿಸಲಾಗದು.

4. ನಷ್ಟ ಎಲ್ಲರಿಗೂ ಸಮನಾಗಿರಲಿಲ್ಲ

2021ರ ಆಗಸ್ಟ್‌ನಲ್ಲಿ ಕರ್ನಾಟಕವೂ ಸೇರಿದಂತೆ 15 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ನಡೆದ ಶಾಲಾ ಸಮೀಕ್ಷೆಯು, ಗ್ರಾಮೀಣ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್ ಪಾಠ ಕೇಳುತ್ತಿದ್ದವರು ಶೇ. 8 ಮಾತ್ರವೆಂದೂ, ಶೇ. 37ರಷ್ಟು ಮಕ್ಕಳು ಏನನ್ನೂ ಓದುತ್ತಿರಲಿಲ್ಲವೆಂದೂ ತಿಳಿಸಿತು. ಮನೆಯಲ್ಲಿ ಫೋನು ಇದ್ದರೂ ಅದು ದುಡಿಯಲು ಹೋಗುವವರ ಜೇಬಿನಲ್ಲಿರುತ್ತಿತ್ತು.

ಹೊರದೇಶದ ಒಂದು ಅನುಭವವೂ ಇಲ್ಲಿ ಬೋಧಪ್ರದ. 2005ರ ಅಕ್ಟೋಬರ್‌ನ ಭೂಕಂಪದಿಂದ ಪಾಕಿಸ್ತಾನದ ಉತ್ತರ ಭಾಗದಲ್ಲಿ ಶಾಲೆಗಳು ಸರಾಸರಿ 14 ವಾರ ಮುಚ್ಚಿದ್ದವು. ನಾಲ್ಕು ವರ್ಷಗಳ ನಂತರ ಸಂಶೋಧಕರು ಪರೀಕ್ಷಿಸಿದಾಗ, ಭೂಕಂಪದ ಬಿರುಕಿಗೆ ಸಮೀಪದಲ್ಲಿದ್ದ ಮಕ್ಕಳು ದೂರದ ಮಕ್ಕಳಿಗಿಂತ ಒಂದೂವರೆ ವರ್ಷಕ್ಕೂ ಹೆಚ್ಚಿನ ಕಲಿಕೆಯಷ್ಟು ಹಿಂದಿದ್ದರು. ಶಾಲೆ ತೆರೆದ ಮೇಲೆ ಪಾಠಗಳು ಎಂದಿನಂತೆ ಮುಂದೆ ಸಾಗಿದ್ದರಿಂದ ಬುನಾದಿ ತಪ್ಪಿದ ಮಕ್ಕಳಿಗೆ ಮುಂದಿನದೂ ಅರ್ಥವಾಗಲಿಲ್ಲವೆಂಬುದು ಇದಕ್ಕೆ ಸಂಶೋಧಕರು ಕೊಟ್ಟ ವಿವರಣೆ. ಆದರೆ ತಾಯಿ ಪ್ರಾಥಮಿಕ ಶಿಕ್ಷಣ ಪೂರೈಸಿದ್ದ ಮನೆಗಳ ಮಕ್ಕಳಲ್ಲಿ ಈ ನಷ್ಟ ಕಂಡುಬರಲಿಲ್ಲ. ಒಂದೇ ವಿಪತ್ತು, ಒಂದೇ ಶಾಲೆ. ಮನೆಯ ಆಸರೆ ಮಾತ್ರ ಬೇರೆ.

ಬೈಂದೂರು ತಾಲೂಕಿನ ಗ್ರಾಮಗಳಿಗೆ ಇದನ್ನು ಅನ್ವಯಿಸಿ ನೋಡಬಹುದು. ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲು ಮಾರ್ಗ ಹಾದುಹೋಗುವ ಈ ಪಟ್ಟಿಯಲ್ಲಿ ಬಿಜೂರಿಗೆ ತನ್ನದೇ ರೈಲು ನಿಲ್ದಾಣವಿದೆ. ಪಶ್ಚಿಮಕ್ಕೆ ಮೀನುಗಾರಿಕೆಯ ಕಡಲತೀರ, ಪೂರ್ವಕ್ಕೆ ಗದ್ದೆ, ತೋಟ, ಗುಡ್ಡ, ಹೊಳೆಗಳು. ಪೇಟೆಯ ಬದಿಯ ಮನೆಗೆ ದೊರೆತ ಮೊಬೈಲ್ ಸಂಪರ್ಕ ಗುಡ್ಡದಾಚೆಯ ಮನೆಗೆ ದೊರೆಯಲಿಲ್ಲ. ಬೆಂಗಳೂರು, ಮುಂಬಯಿಗಳ ಹೋಟೆಲು ಕೆಲಸ ಬಿಟ್ಟು ಊರಿಗೆ ಮರಳಿದ ಕುಟುಂಬಗಳ ಮಕ್ಕಳು ನಡುವೆಯೇ ಶಾಲೆ ಬದಲಿಸಬೇಕಾಯಿತು. ಕುಂದಾಪ್ರ ಕನ್ನಡ, ಕೊಂಕಣಿ, ಉರ್ದು, ಕೊರಗ ಭಾಷೆಗಳನ್ನಾಡುವ ಮನೆಗಳಿಂದ ಬರುವ ಮಕ್ಕಳಿಗೆ ಪುಸ್ತಕದ ಕನ್ನಡವು ಕಿವಿಗೆ ಬೀಳುತ್ತಿದ್ದ ಮುಖ್ಯ ಸ್ಥಳ ಶಾಲೆ. ಅದು ಮುಚ್ಚಿದಾಗ ಆ ಕೇಳ್ಮೆಯೂ ನಿಂತಿತು.

5. ಸರಾಸರಿಯ ಮರೆಯಲ್ಲಿ ಉಳಿಯುವ ಮಗು

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ. 94ರೊಂದಿಗೆ ರಾಜ್ಯಕ್ಕೆ ಪ್ರಥಮ ಸ್ಥಾನ ಪಡೆಯಿತು, 2025ರಲ್ಲಿ ಶೇ. 89.96ರೊಂದಿಗೆ ದ್ವಿತೀಯ ಸ್ಥಾನದಲ್ಲಿತ್ತು. ಇದು ಹೆಮ್ಮೆಯ ವಿಷಯ. ಆದರೂ 2025ರಲ್ಲಿ ಪರೀಕ್ಷೆ ಬರೆದ ಪ್ರತಿ ನೂರು ಮಕ್ಕಳಲ್ಲಿ ಹತ್ತು ಮಂದಿ ಆ ಪಟ್ಟಿಯ ಹೊರಗೆ ಉಳಿದರು. ಜಿಲ್ಲೆಯ ಸ್ಥಾನ ಮೇಲಿದ್ದಷ್ಟೂ ಆ ಹತ್ತು ಮಂದಿಯ ಕಡೆ ಗಮನ ಹರಿಯುವುದು ಕಡಿಮೆಯಾಗುವ ಅಪಾಯವಿದೆ.

ಸರಾಸರಿಯ ಈ ಸ್ವಭಾವವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ತರಗತಿಯಲ್ಲಿ 20 ಮಕ್ಕಳು. ಪೂರ್ವ ಪರೀಕ್ಷೆಯಲ್ಲಿ 10 ಮಕ್ಕಳಿಗೆ ತಲಾ 30 ಅಂಕ, ಉಳಿದ 10 ಮಕ್ಕಳಿಗೆ ತಲಾ 10 ಅಂಕ, ಸರಾಸರಿ 20. ವರ್ಷಾಂತ್ಯದಲ್ಲಿ ಮೊದಲ ಗುಂಪು 40 ಅಂಕಕ್ಕೆ ಏರಿತು, ಎರಡನೆಯ ಗುಂಪು 10ರಲ್ಲೇ ಉಳಿಯಿತು, ಸರಾಸರಿ 25. ವರದಿಯಲ್ಲಿ ಪ್ರಗತಿ ಕಾಣುತ್ತದೆ. ಎರಡು ಗುಂಪುಗಳ ಅಂತರ ಮಾತ್ರ 20ರಿಂದ 30ಕ್ಕೆ ಹಿಗ್ಗಿದೆ. ಆದುದರಿಂದ ಪ್ರತಿ ಶಾಲೆಯೂ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ಸರಾಸರಿ ಎಷ್ಟು ಏರಿತು? ಕಟ್ಟಕಡೆಯ ಮಗು ಎಷ್ಟು ಮುಂದೆ ಬಂದಿತು?

6. ಈವರೆಗಿನ ಕ್ರಮಗಳಿಂದ ದೊರೆತ ಪಾಠ

ರಾಜ್ಯ ಸರಕಾರವು 2022-23ನೇ ಸಾಲನ್ನು ಕಲಿಕಾ ಚೇತರಿಕೆ ವರ್ಷವೆಂದು ಘೋಷಿಸಿ, ಶಾಲೆಗಳನ್ನು ಎಂದಿಗಿಂತ ಮೊದಲೇ, 2022ರ ಮೇ 16ರಂದು ತೆರೆಯಿತು. ಆರಂಭದ ದಿನಗಳ ಮಳೆಬಿಲ್ಲು ಚಟುವಟಿಕೆಗಳು ಮಕ್ಕಳನ್ನು ಮತ್ತೆ ಶಾಲೆಗೆ ಒಗ್ಗಿಸಿದವು. ಹಿಂದಿನ ತರಗತಿಗಳಲ್ಲಿ ತಪ್ಪಿದ ಕಲಿಕಾ ಫಲಗಳನ್ನು ಪ್ರಸಕ್ತ ತರಗತಿಯ ಫಲಗಳೊಂದಿಗೆ ಹೆಣೆದು ಕಲಿಕಾ ಹಾಳೆಗಳನ್ನು ಸಿದ್ಧಪಡಿಸಲಾಯಿತು. ವಯಸ್ಸಿಗೆ ತಕ್ಕ ತರಗತಿಯಲ್ಲಿದ್ದುಕೊಂಡೇ ಮಗು ತನ್ನ ಮಟ್ಟದಿಂದ ಕಲಿಯಬಹುದೆಂಬ ತತ್ತ್ವ ಇದರ ಹಿಂದಿತ್ತು. ಈ ತತ್ತ್ವ ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭಗೊಂಡು ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿಯು ಮಗು ತನ್ನ ವೇಗದಲ್ಲಿ ಮೆಟ್ಟಿಲೇರುವುದನ್ನೇ ಆಧಾರವಾಗಿ ಇರಿಸಿಕೊಂಡಿದೆ. ವಿಶೇಷ ವರ್ಷ ಮುಗಿದರೂ ಈ ತತ್ತ್ವವನ್ನು ಕೈಬಿಡುವ ಕಾರಣವಿಲ್ಲ.

ತಮಿಳುನಾಡು ಸರಕಾರವು 2021ರ ಅಕ್ಟೋಬರ್‌ನಲ್ಲಿ ಇಲ್ಲಂ ತೇಡಿ ಕಲ್ವಿ, ಅಂದರೆ ಮನೆಬಾಗಿಲಿಗೆ ಶಿಕ್ಷಣ, ಎಂಬ ಯೋಜನೆಯನ್ನು ಆರಂಭಿಸಿತು. ಊರಿನ ಸ್ವಯಂಸೇವಕರು, ಅವರಲ್ಲಿ ಬಹುಪಾಲು ಮಹಿಳೆಯರು, ಸಂಜೆ ಒಂದು ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಕ್ಕಳಿಗೆ ಪಾಠ ಹೇಳಿದರು. ಶಾಲೆ ತೆರೆದ ಆರು ತಿಂಗಳಲ್ಲಿ ಅಲ್ಲಿನ ಮಕ್ಕಳು ಕಲಿಕಾ ನಷ್ಟದ ಸುಮಾರು ಮೂರನೆಯ ಎರಡು ಭಾಗವನ್ನು ತುಂಬಿಕೊಂಡರೆಂದೂ, ಆ ಚೇತರಿಕೆಯಲ್ಲಿ ಸುಮಾರು ಶೇ. 24ರಷ್ಟು ಪಾಲು ಈ ಸಂಜೆ ತರಗತಿಗಳದ್ದೆಂದೂ ಸಂಶೋಧನೆ ತೋರಿಸಿತು. ಈ ತರಗತಿಗಳ ಬಳಕೆ ಬಡ ಮನೆಗಳ ಮಕ್ಕಳಲ್ಲೇ ಹೆಚ್ಚಾಗಿತ್ತು. ನೆರವು ಮನೆಯ ಹತ್ತಿರ ಮತ್ತು ವೆಚ್ಚವಿಲ್ಲದೆ ದೊರೆತರೆ ಅದು ಅಗತ್ಯವಿದ್ದವರನ್ನೇ ಹೆಚ್ಚಾಗಿ ತಲುಪುತ್ತದೆಂಬುದಕ್ಕೆ ಇದು ನಿದರ್ಶನ.

7. ಶಾಲೆಯಲ್ಲಿ ಮಾಡಬೇಕಾದದ್ದು

ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಣ ಹಕ್ಕು ಕಾಯ್ದೆ, 2009ರ 24ನೇ ಪ್ರಕರಣದಡಿ ಶಿಕ್ಷಕರ ಕರ್ತವ್ಯವಾಗಿದೆ. ಇದನ್ನು ನಾಲ್ಕು ಹೆಜ್ಜೆಗಳಲ್ಲಿ ನೆರವೇರಿಸಬಹುದು.

ಮೊದಲನೆಯದು, ಒಬ್ಬೊಬ್ಬರನ್ನೇ ಕರೆದು ಓದಿಸುವುದು. ಸೇತುಬಂಧದ ಲಿಖಿತ ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ನೋಡಿ ಬರೆದ ಮಗುವಿನ ತೊಡಕು ಗುಪ್ತವಾಗಿಯೇ ಉಳಿಯುತ್ತದೆ. ಐದು ನಿಮಿಷ ಎದುರು ಕುಳ್ಳಿರಿಸಿ ಓದಿಸಿದರೆ ಅದು ಹೊರಬೀಳುತ್ತದೆ. ಕನ್ನಡ ಓದಿನಲ್ಲಿ ಮಕ್ಕಳು ನಿಲ್ಲುವ ಸ್ಥಳಗಳು ಸಾಮಾನ್ಯವಾಗಿ ಮೂರು: ಮೂಲಾಕ್ಷರ, ಗುಣಿತಾಕ್ಷರ, ಒತ್ತಕ್ಷರ. ‘ಅಕ್ಕ’, ‘ಅಣ್ಣ’ ಎಂದು ಸರಾಗವಾಗಿ ಓದುವ ಮಗು ‘ರಾಷ್ಟ್ರ’ ಎಂಬಲ್ಲಿ ತಡೆಯಬಹುದು. ಎಲ್ಲಿ ತಡೆಯಿತೋ ಅಲ್ಲಿಂದಲೇ ಬೋಧನೆ ಆರಂಭವಾಗಬೇಕು.

ಎರಡನೆಯದು, ತಪ್ಪಿನ ಕಾರಣವನ್ನು ಹುಡುಕುವುದು. 52ರಿಂದ 27ನ್ನು ಕಳೆದು 35 ಎಂದು ಬರೆಯುವ ಮಗುವಿಗೆ ಕಳೆಯುವುದು ಗೊತ್ತಿದೆ; 2ರಿಂದ 7 ಹೋಗದಿದ್ದಾಗ ದಶಕವನ್ನು ಬಿಡಿಸುವುದು ಗೊತ್ತಿಲ್ಲ, ಆದ್ದರಿಂದ ಅದು 7ರಿಂದ 2ನ್ನು ಕಳೆದಿದೆ. ಹತ್ತು ಲೆಕ್ಕಗಳನ್ನು ಮತ್ತೆ ಬರೆಸುವುದಕ್ಕಿಂತ ಕಡ್ಡಿಯ ಕಟ್ಟೊಂದನ್ನು ಬಿಚ್ಚಿ ತೋರಿಸುವುದು ಇಲ್ಲಿ ಹೆಚ್ಚು ಫಲಕಾರಿ.

ಮೂರನೆಯದು, ದಿನಕ್ಕೆ ಒಂದು ಗಂಟೆಯನ್ನು ಮೀಸಲಿಟ್ಟು ತರಗತಿಭೇದವಿಲ್ಲದೆ ಮಟ್ಟಕ್ಕೆ ತಕ್ಕ ಗುಂಪುಗಳಲ್ಲಿ ಕಲಿಸುವುದು. ವಾರಕ್ಕೆ 5 ದಿನಗಳಂತೆ 12 ವಾರಗಳಲ್ಲಿ 60 ಗಂಟೆಗಳ ಬೋಧನೆ ದೊರೆಯುತ್ತದೆ. ಅನುಭವಿ ಶಿಕ್ಷಕರು ಅತ್ಯಂತ ಹಿಂದುಳಿದ ಗುಂಪಿನೊಂದಿಗೆ ಇರಬೇಕು. ಹಲವು ತರಗತಿಗಳನ್ನು ಒಬ್ಬಿಬ್ಬರು ಶಿಕ್ಷಕರೇ ನಿಭಾಯಿಸುವ ಕಿರಿಯ ಪ್ರಾಥಮಿಕ ಶಾಲೆಗಳಿಗೂ ಈ ಕ್ರಮ ಹೊಂದುತ್ತದೆ. ಗುಂಪುಗಳು ಶಾಶ್ವತವಾಗಬಾರದು, ನಾಲ್ಕು ವಾರಗಳಿಗೊಮ್ಮೆ ಮರುಪರೀಕ್ಷೆ ನಡೆಸಿ ಮಗುವನ್ನು ಮುಂದಿನ ಗುಂಪಿಗೆ ಸೇರಿಸಬೇಕು.

ನಾಲ್ಕನೆಯದು, ಮಗುವಿನ ಮರ್ಯಾದೆಯನ್ನು ಕಾಯುವುದು. ಆರನೆಯ ತರಗತಿಯ ಮಗುವಿನ ಕೈಗೆ ಒಂದನೆಯ ತರಗತಿಯ ಪುಸ್ತಕ ಕೊಟ್ಟರೆ ಅದು ಕುಗ್ಗುತ್ತದೆ. ಬಸ್ಸಿನ ಬೋರ್ಡು, ರೈಲಿನ ವೇಳಾಪಟ್ಟಿ, ಮೀನಿನ ದರ, ಪಂಚಾಯತ್ ಪ್ರಕಟಣೆ ಇವೆಲ್ಲ ವಯಸ್ಸಿಗೊಪ್ಪುವ ಓದಿನ ಸಾಮಗ್ರಿಗಳು. ‘ನೋಡಿ’ ಎಂಬಲ್ಲಿ ‘ಕಾಣಿ’ ಎನ್ನುವ, ‘ಹೋಗೋಣ’ ಎಂಬಲ್ಲಿ ‘ಹೋಪ’ ಎನ್ನುವ ಮಗು ತಪ್ಪು ಮಾಡಿಲ್ಲ; ಅದು ತನ್ನ ಮನೆಮಾತನ್ನಾಡಿದೆ. ಆ ಮಾತಿನಿಂದಲೇ ಪುಸ್ತಕದ ಮಾತಿಗೆ ಸೇತುವೆ ಕಟ್ಟಬೇಕು.

8. ಮಳೆ, ದಾರಿ, ಹಾಜರಾತಿ

ಶಾಲೆಯಲ್ಲಿ ಎಷ್ಟೇ ಉತ್ತಮ ಯೋಜನೆಯಿದ್ದರೂ ಮಗು ಬಾರದ ದಿನ ಅದು ನಿರರ್ಥಕ. ಕರಾವಳಿಯಲ್ಲಿ ಶೈಕ್ಷಣಿಕ ವರ್ಷದ ಮೊದಲ ನಾಲ್ಕು ತಿಂಗಳು ಮಳೆಗಾಲವೇ. ಹೊಳೆ ತೋಡುಗಳಾಚೆ ವಾಸಿಸುವ ಮಕ್ಕಳು ಕಾಲುಸಂಕ ದಾಟಿ ಬರಬೇಕು. 2022ರ ಆಗಸ್ಟ್‌ನಲ್ಲಿ, ಚೇತರಿಕೆಯ ವರ್ಷದಲ್ಲಿಯೇ, ಬೈಂದೂರು ತಾಲೂಕಿನ ಎರಡನೆಯ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಮರಳುವಾಗ ಕಾಲುಸಂಕದಿಂದ ನೀರಿಗೆ ಬಿದ್ದು ಅಸುನೀಗಿದಳು. ಆ ನಂತರ ಹೆತ್ತವರು ಜೋರು ಮಳೆಯ ದಿನ ಮಗುವನ್ನು ಮನೆಯಲ್ಲೇ ಉಳಿಸಿಕೊಂಡರೆ ಅದನ್ನು ಉದಾಸೀನವೆನ್ನಲಾಗದು. ಸುರಕ್ಷಿತ ಕಾಲುಸಂಕವೂ ಕಲಿಕಾ ಚೇತರಿಕೆಯ ಒಂದು ಸಾಧನವೆಂದು ಪರಿಗಣಿಸಬೇಕು.

ಮಳೆಯಿಂದಾಗಿ ರಜೆ ಘೋಷಣೆಯಾದ ದಿನಗಳನ್ನು ಶಾಲೆ ಸಾಮಾನ್ಯವಾಗಿ ಮುಂದೆ ಸರಿದೂಗಿಸುತ್ತದೆ. ಶಾಲೆ ತೆರೆದಿದ್ದೂ ಹೊಳೆ ಉಕ್ಕಿದ್ದರಿಂದ ಬಾರದ ಮಗುವಿನ ದಿನಗಳಿಗೆ ಅಂಥ ವ್ಯವಸ್ಥೆಯಿಲ್ಲ. ಹಾಜರಾತಿ ಪುಸ್ತಕದಿಂದ ಇಂಥ ಮಕ್ಕಳನ್ನು ಗುರುತಿಸಿ, ತಪ್ಪಿದ ಪಾಠವನ್ನು ಆಯಾ ವಾರವೇ ಹೇಳಿಕೊಡುವುದು ಅತಿ ಸರಳವೂ ಅತಿ ಅಗತ್ಯವೂ ಆದ ಕ್ರಮ.

9. ಗ್ರಾಮ ಪಂಚಾಯತ್ ಮತ್ತು ಸಮುದಾಯದ ಪಾತ್ರ

ಗ್ರಾಮ ಪಂಚಾಯತ್ ಗ್ರಂಥಾಲಯವು ಈ ಕಾರ್ಯದ ಸಹಜ ಕೇಂದ್ರ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ಶಾಲೆಗಳು ಮುಚ್ಚಿದ್ದ 2020ರ ನವೆಂಬರ್ 14ರಂದು ‘ಓದುವ ಬೆಳಕು’ ಕಾರ್ಯಕ್ರಮವನ್ನು ಆರಂಭಿಸಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಒದಗಿಸಿತು. ಸದಸ್ಯರ ಸಂಖ್ಯೆಯೊಂದಿಗೆ, ಯಾವ ವಾರ್ಡಿನ ಮಕ್ಕಳು ಗ್ರಂಥಾಲಯಕ್ಕೆ ಬರುತ್ತಿಲ್ಲವೆಂಬುದನ್ನೂ ಮೇಲ್ವಿಚಾರಕರು ಗುರುತಿಸಬೇಕು. ದೂರದ ಮಜಲುಗಳಿಗೆ ತಿಂಗಳಿಗೊಮ್ಮೆ ಪುಸ್ತಕದ ಚೀಲ ತಲುಪಿಸಿ, ಅಂಗನವಾಡಿಯಲ್ಲಿಯೋ ಸ್ವಸಹಾಯ ಸಂಘದ ಸದಸ್ಯೆಯೊಬ್ಬರ ಮನೆಯಲ್ಲಿಯೋ ಇರಿಸಬಹುದು. ಸಂಜೆಯ ಓದಿಗೆ ಪದವಿ ಓದುತ್ತಿರುವ ಊರಿನ ಯುವಜನರ ಹಾಗೂ ನಿವೃತ್ತ ಶಿಕ್ಷಕರ ನೆರವು ಕೋರಬಹುದು.

ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಭಾಗ ಹೆತ್ತವರು, ಅರ್ಧದಷ್ಟು ಮಹಿಳೆಯರು ಇರಬೇಕೆಂದೂ, ದುರ್ಬಲ ವರ್ಗದ ಮಕ್ಕಳ ಹೆತ್ತವರಿಗೆ ಪ್ರಾತಿನಿಧ್ಯ ಇರಬೇಕೆಂದೂ ಕಾಯ್ದೆಯ 21ನೇ ಪ್ರಕರಣ ವಿಧಿಸುತ್ತದೆ. ಕಟ್ಟಡ, ಆವರಣ ಗೋಡೆ, ವಾರ್ಷಿಕೋತ್ಸವಗಳ ಚರ್ಚೆಯ ನಡುವೆ ಓದಲು ಬಾರದ ಮಕ್ಕಳ ವಿಚಾರವೂ ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ಇರಬೇಕು. ಸಭೆಯ ವೇಳೆಯನ್ನು ದಿನಗೂಲಿಗೆ, ಗದ್ದೆ ನಟ್ಟಿಗೆ, ಮೀನು ಮಾರಾಟಕ್ಕೆ ಹೋಗುವ ತಾಯಂದಿರಿಗೆ ಅನುಕೂಲವಾಗುವಂತೆ ಗೊತ್ತುಪಡಿಸಬೇಕು.

ಮಕ್ಕಳ ಮಾತನ್ನು ಪಂಚಾಯತ್ ಕೇಳುವ ಪರಂಪರೆ ಈ ಸೀಮೆಗೆ ಹೊಸದಲ್ಲ. 1990ರ ದಶಕದಲ್ಲಿಯೇ ಅಂದಿನ ಕುಂದಾಪುರ ತಾಲೂಕಿನ ಗ್ರಾಮಗಳಲ್ಲಿ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಮಕ್ಕಳ ಪಂಚಾಯತ್‌ಗಳು ರೂಪುಗೊಂಡು ದಾರಿ, ಕಾಲುಸಂಕ, ಶಾಲೆಗಳ ಕುರಿತು ಹಿರಿಯರ ಮುಂದೆ ಬೇಡಿಕೆಗಳನ್ನಿಟ್ಟಿದ್ದವು. ಇಂದು ರಾಜ್ಯದಾದ್ಯಂತ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳಿಗೆ ಒಂದು ನೇರ ಪ್ರಶ್ನೆಯನ್ನು ಕೇಳಬಹುದು: ಯಾವ ಪಾಠ ಅರ್ಥವಾಗುತ್ತಿಲ್ಲ, ಮನೆಯಲ್ಲಿ ಹೇಳಿಕೊಡಲು ಯಾರಿದ್ದಾರೆ? ಭಾಷಣ ಮಾಡಬಲ್ಲ ಮಕ್ಕಳೇ ಮಾತನಾಡಿ ಸಭೆ ಮುಗಿಯದಂತೆ, ಬರೆಯಲಾಗದವರು ಚಿತ್ರದ ಮೂಲಕ, ಸಂಕೋಚದವರು ಗುಂಪಿನ ಮೂಲಕ ಹೇಳಲು ಅವಕಾಶವಿರಬೇಕು.

10. ಗಮನದಲ್ಲಿಡಬೇಕಾದ ಎಚ್ಚರಿಕೆಗಳು

ಹಿಂದುಳಿದ ಮಕ್ಕಳ ಪಟ್ಟಿ ಶಿಕ್ಷಕರ ಕೈಯಲ್ಲಿರಬೇಕು. ಸೂಚನಾ ಫಲಕದ ಮೇಲೆ ಅಥವಾ ಹೆತ್ತವರ ವಾಟ್ಸ್‌ಆಪ್ ಗುಂಪಿನಲ್ಲಿ ಪ್ರಕಟವಾಗಬಾರದು. ಹೆಚ್ಚುವರಿ ತರಗತಿಗಾಗಿ ಆಟದ ಅವಧಿಯನ್ನು ಕಸಿಯಬಾರದು. ಸ್ವಯಂಸೇವಕರು ಶಿಕ್ಷಕರಿಗೆ ನೆರವಾಗಬಹುದೇ ಹೊರತು ಖಾಲಿ ಹುದ್ದೆಗೆ ಬದಲಿಯಾಗಲಾರರು. ಕಲಿಕೆಯ ತೊಡಕಿಗೆ ದೃಷ್ಟಿದೋಷ, ಶ್ರವಣದೋಷ ಅಥವಾ ಇತರ ಅಂಗವೈಕಲ್ಯ ಕಾರಣವಾಗಿರಬಹುದಾದ್ದರಿಂದ ಆರೋಗ್ಯ ತಪಾಸಣೆಯನ್ನು ಮೊದಲೇ ಮಾಡಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಳ್ಳೆಯ ವರದಿಗಾಗಿ ಅಂಕಗಳನ್ನು ಏರಿಸಿ ಬರೆಯಬಾರದು. ಹಾಗೆ ಬರೆದ ಪ್ರತಿ ಅಂಕವೂ ಒಂದು ಮಗುವಿಗೆ ಸಲ್ಲಬೇಕಾದ ನೆರವನ್ನು ತಪ್ಪಿಸುತ್ತದೆ.

11. ಸಭೆಗಳಲ್ಲಿ ಚರ್ಚೆಗೆ ಪ್ರಶ್ನೆಗಳು

ಅ) ಶಾಲೆಯಲ್ಲಿ ಸರಳ ಪರಿಚ್ಛೇದವನ್ನು ಓದಲಾಗದ ಮಕ್ಕಳು ಎಷ್ಟು? ಅವರು ಯಾವ ವಾರ್ಡುಗಳಿಂದ ಬರುತ್ತಾರೆ?
ಆ) ಕಳೆದ ಮಳೆಗಾಲದಲ್ಲಿ ಅತಿ ಹೆಚ್ಚು ದಿನ ಗೈರಾದ ಐದು ಮಕ್ಕಳ ದಾರಿಯನ್ನು ಸಮಿತಿಯ ಸದಸ್ಯರು ನಡೆದು ನೋಡಿದ್ದಾರೆಯೇ?
ಇ) ಹೆಚ್ಚುವರಿ ಬೋಧನೆಯ ಅವಧಿಯಲ್ಲಿ ಅನುಭವಿ ಶಿಕ್ಷಕರು ಯಾವ ಗುಂಪಿನೊಂದಿಗೆ ಇರುತ್ತಾರೆ?
ಈ) ಮನೆಯಲ್ಲಿ ಓದುಬರಹ ಬಲ್ಲವರಿಲ್ಲದ ಮಕ್ಕಳಿಗೆ ಸಂಜೆ ಎಲ್ಲಿ, ಯಾರಿಂದ ನೆರವು ದೊರೆಯುತ್ತಿದೆ?
ಉ) ಆರು ತಿಂಗಳ ಹಿಂದೆ ಅತ್ಯಂತ ಹಿಂದಿದ್ದ ಮಗು ಇಂದು ಏನನ್ನು ಓದಬಲ್ಲದು?

12. ಉಪಸಂಹಾರ

2020ರಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳು ಪ್ರೌಢಶಾಲೆಯ ಮೆಟ್ಟಿಲೇರಲು ಉಳಿದಿರುವ ಸಮಯ ಅಲ್ಪ. ಎಂಟನೆಯ ತರಗತಿಯಲ್ಲಿ ವಿಜ್ಞಾನ, ಸಮಾಜ ವಿಜ್ಞಾನಗಳ ಪುಸ್ತಕಗಳನ್ನು ಸ್ವತಃ ಓದಿ ಅರ್ಥಮಾಡಿಕೊಳ್ಳಬೇಕಾದಾಗ ಓದಿನ ಕೊರತೆ ಎಲ್ಲ ವಿಷಯಗಳ ಕೊರತೆಯಾಗಿ ಪರಿಣಮಿಸುತ್ತದೆ. ಅಲ್ಲಿಂದ ಶಾಲೆ ಬಿಡುವ ದಾರಿ ದೂರವಿಲ್ಲ. ಒಂದು ಗ್ರಾಮದ ಶಾಲೆಯಲ್ಲಿ ಇಂಥ ಮಕ್ಕಳು ಹತ್ತೋ ಹದಿನೈದೋ ಇರಬಹುದು. ಅವರ ಹೆಸರು, ಮನೆ, ದಾರಿ, ತೊಡಕುಗಳನ್ನು ತಿಳಿದುಕೊಳ್ಳುವುದು ಶಾಲೆ ಮತ್ತು ಗ್ರಾಮ ಪಂಚಾಯತ್‌ಗಳ ಶಕ್ತಿಗೆ ಮೀರಿದ ಕೆಲಸವಲ್ಲ. ಮುಂದಿನ ಸಮಿತಿ ಸಭೆಯ ಮೊದಲ ವಿಷಯವಾಗಿ ಆ ಮಕ್ಕಳ ಕಲಿಕೆಯನ್ನು ಕೈಗೆತ್ತಿಕೊಂಡು, ಯಾರು, ಯಾವ ದಿನದಿಂದ, ಯಾವ ಮಗುವಿಗೆ ನೆರವಾಗುವರೆಂಬುದನ್ನು ನಡಾವಳಿಯಲ್ಲಿ ದಾಖಲಿಸಿಕೊಂಡರೆ ಈ ಪಾಠದ ಉದ್ದೇಶ ಈಡೇರುತ್ತದೆ.